ನಾಯಿ ಗುಲ್ಮದಲ್ಲಿ ಗಡ್ಡೆ ಅಂತಾರೆ, ಆಪರೇಷನ್‌ಗೆ ಎಲ್ಲಿ ತನಕ ದುಡ್ಡು ಹಾಕೋದು?

ನೀಲಿಛತ್ರಿ

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ, ಆದ್ರೂ ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮ ಚುಕ್ಕಿ ಲ್ಯಾಬ್ರಡಾರ್, ಹೆಣ್ಣು, ಹನ್ನೊಂದು ವರ್ಷ ದಾಟಿದೆ. ಮೊನ್ನೆ ಬೆಳಿಗ್ಗೆ ಚೆನ್ನಾಗೇ ಇದ್ಲು, ಮಧ್ಯಾಹ್ನ ಇದ್ದಕ್ಕಿದ್ದಂಗೆ ಕಾಲು ಕುಸಿದು ಬಿದ್ಲು, ತುಟಿ ಎತ್ತಿ ನೋಡಿದ್ರೆ ಒಸಡೆಲ್ಲ ಸುಣ್ಣ ಬಳಿದಂಗೆ ಬೆಳ್ಳಗೆ. ಡಾಕ್ಟ್ರ ಹತ್ರ ಕರ್ಕೊಂಡು ಹೋಗೋಷ್ಟರಲ್ಲಿ ಸ್ವಲ್ಪ ಸುಧಾರಿಸ್ಕೊಂಡು ತಲೆ ಎತ್ತಿದ್ಲು, ರಾತ್ರಿ ಎಂದಿನ ಥರ ಊಟಾನೂ ಮಾಡಿದ್ಲು. ಸ್ಕ್ಯಾನಿಂಗ್‌ನಲ್ಲಿ ಗುಲ್ಮದ ಮೇಲೆ, ಅಂದ್ರೆ ಹೊಟ್ಟೆ ಒಳಗಿರೋ ಸ್ಪ್ಲೀನ್ ಮೇಲೆ, ದೊಡ್ಡ ಗಡ್ಡೆ ಕಾಣ್ತಿದೆ, ಅದು ಸ್ವಲ್ಪ ಒಡೆದು ಹೊಟ್ಟೆ ಒಳಗೆ ರಕ್ತ ಸೋರಿದೆ, ಅದಕ್ಕೇ ಕುಸಿದಿದ್ದು ಅಂದ್ರು. ಗುಲ್ಮಾನೇ ತೆಗೆದುಬಿಡ್ಬೇಕು, ಬೇಗ ತೀರ್ಮಾನ ಮಾಡಿ, ಇನ್ನೊಂದ್ಸಲ ಜೋರಾಗಿ ರಕ್ತ ಹೋದ್ರೆ ಟೈಮ್ ಸಿಗಲ್ಲ ಅಂತಾನೂ ಹೇಳಿದ್ರು. ಕ್ಯಾನ್ಸರ್ರಾ ಅಂತ ಕೇಳಿದ್ದಕ್ಕೆ, ತೆಗೆದು ಬಯಾಪ್ಸಿಗೆ ಕಳಿಸೋ ತನಕ ಹೇಳೋಕಾಗಲ್ಲ ಅಂದ್ರು.

ಎಸ್ಟಿಮೇಟ್ ಕೈಗೆ ಕೊಟ್ಟಾಗ ನನಗೆ ಮಾತೇ ಹೊರಡ್ಲಿಲ್ಲ. ಆಪರೇಷನ್ದು ಬೇರೆ, ರಕ್ತ ಏರಿಸ್ಬೇಕಾದ್ರೆ ಅದು ಬೇರೆ, ಆಮೇಲೆ ಐಸಿಯು, ಬಯಾಪ್ಸಿ, ಕ್ಯಾನ್ಸರ್ ಅಂತ ಬಂದ್ರೆ ಕೀಮೋ. ನಮ್ಮ ಹತ್ರ ಕೂಡಿಟ್ಟಿರೋ ದುಡ್ಡಿನಲ್ಲಿ ಆಪರೇಷನ್ ತನಕ ಹೇಗೋ ಆಗತ್ತೆ, ಆದ್ರೆ ಅದು ಮಗಳ ಫೀಸಿಗೆ, ಅತ್ತೆ ಔಷಧಿಗೆ ಅಂತ ಇಟ್ಟಿರೋದು. ಯಜಮಾನ್ರು ಸಾಲ ಮಾಡೋಣ ಅಂತಾರೆ. ನನ್ನ ಅಣ್ಣ ಫೋನ್ ಮಾಡಿ ನಾಯಿಗೆ ಇಷ್ಟೊಂದಾ, ವಯಸ್ಸಾಗಿದೆ ಬಿಡು ಅಂದ. ಇಬ್ರ ಮಾತೂ ಕೇಳಿಸ್ಕೊಂಡು ನನಗೆ ಅಳು ಬರತ್ತೆ. ದುಡ್ಡಿನ ಲೆಕ್ಕ ಹಾಕ್ತಾ ಕೂತಿರೋದೇ ಚುಕ್ಕಿಗೆ ದ್ರೋಹ ಮಾಡ್ದಂಗೆ ಅನ್ಸತ್ತೆ. ಇಂಥ ಪರಿಸ್ಥಿತಿ ದಾಟಿ ಬಂದಿರೋರು ಹೇಗೆ ತೀರ್ಮಾನ ಮಾಡಿದ್ರಿ, ಎಲ್ಲಿಗೆ ನಿಲ್ಲಿಸ್ಬೇಕು ಅಂತ ಹೇಗೆ ಗೊತ್ತಾಯ್ತು, ಹೇಳಿ ಪ್ಲೀಸ್.

ಬಿಳಿಮೋಡ

ಅಕ್ಕ, ಯೋಚನೆ ಮಾಡ್ತಾ ಕೂರ್ಬೇಡಿ, ಮಾಡ್ಸಿಬಿಡಿ. ಹನ್ನೊಂದು ವರ್ಷ ಮನೆ ಮಗು ಥರ ಸಾಕಿದೀರ, ದುಡ್ಡು ಇವತ್ತು ಹೋಗತ್ತೆ ನಾಳೆ ಬರತ್ತೆ. ನಮ್ಮ ಪರಿಚಯದವರ ನಾಯಿಗೆ ಇದೇ ಗುಲ್ಮದ ಗಡ್ಡೆ, ತೆಗೆಸಿದ್ರು, ಕ್ಯಾನ್ಸರ್ ಅಲ್ಲ ಅಂತ ಬಂತು, ಇವತ್ತಿಗೂ ಓಡಾಡ್ಕೊಂಡಿದೆ. ಮಾಡಿಸ್ದೇ ಇದ್ದು ಆಮೇಲೆ ಕೊರಗೋದಕ್ಕಿಂತ ಸಾಲಾನೇ ವಾಸಿ. ದೇವ್ರು ಒಳ್ಳೇದು ಮಾಡ್ತಾನೆ.

ಹಳೇಸೈಕಲ್

ಮೇಡಂ, ನಾನು ಡಾಕ್ಟ್ರಲ್ಲ, ಪ್ರಾಣಿಗಳ ಆಸ್ಪತ್ರೇಲಿ ಆಪರೇಷನ್ ಥಿಯೇಟರ್ ಅಸಿಸ್ಟೆಂಟಾಗಿ ಬಹಳ ವರ್ಷದಿಂದ ಇದೀನಿ, ಗುಲ್ಮದ ಕೇಸು ತುಂಬಾ ನೋಡಿದೀನಿ. ನೀವು ಕೇಳಿರೋ ಪ್ರಶ್ನೆನ ದಿನಾ ಯಾರೋ ಒಬ್ರು ಕೌಂಟರ್ ಮುಂದೆ ನಿಂತು ಮನಸ್ಸಲ್ಲೇ ಕೇಳ್ಕೊಂತಾರೆ, ಬಾಯಿ ಬಿಟ್ಟು ಕೇಳೋರು ಕಮ್ಮಿ. ಅದಕ್ಕೇ ಸ್ವಲ್ಪ ವಿವರವಾಗಿ ಬರೀತೀನಿ.

ಮೊದಲ್ನೇದಾಗಿ ಈ ದುಡ್ಡಿಂದ ಏನು ಸಿಗತ್ತೆ ಅನ್ನೋದು ಗೊತ್ತಾಗ್ಬೇಕು, ಅದಾದ್ಮೇಲೆ ಎಷ್ಟು ಅನ್ನೋದು. ಏಟೇನೂ ಬೀಳದೆ ಗಡ್ಡೆ ತಾನಾಗೇ ಒಡೆದು ಹೊಟ್ಟೇಲಿ ರಕ್ತ ಸೋರಿದೆ ಅಂದ್ರೆ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಕೇಸು ಕ್ಯಾನ್ಸರ್ರೇ ಆಗಿರತ್ತೆ, ಅದರಲ್ಲೂ ಹೆಚ್ಚಿನವು ಹೆಮಾಂಜಿಯೋಸಾರ್ಕೋಮಾ, ಅಂದ್ರೆ ರಕ್ತನಾಳದ ಗೋಡೇಲಿ ಹುಟ್ಟೋ ಕ್ಯಾನ್ಸರ್. ಲ್ಯಾಬ್ರಡಾರ್, ಗೋಲ್ಡನ್, ಜರ್ಮನ್ ಶೆಫರ್ಡ್‌ಗಳಲ್ಲಿ ಇದು ಜಾಸ್ತಿ. ಉಳಿದ ಒಂದು ಪಾಲು ರಕ್ತ ಹೆಪ್ಪುಗಟ್ಟಿ ಆದ ಗಂಟೋ ಅಥವಾ ಅಪಾಯ ಇಲ್ಲದ ಬೇರೆ ಗಡ್ಡೆಯೋ ಆಗಿರತ್ತೆ, ಅದಾದ್ರೆ ಗುಲ್ಮ ತೆಗೆದ್ರೆ ಕಾಯಿಲೇನೇ ಮುಗೀತು, ಗುಲ್ಮ ಇಲ್ದೇನೂ ನಾಯಿ ಆರಾಮಾಗಿ ಬದುಕತ್ತೆ. ಬಿಳಿಮೋಡ ಅವ್ರು ಹೇಳಿದ್ದು ಆ ಪಾಲಿನ ಕಥೆ. ನಿಜಾನೇ, ಆದ್ರೆ ಎಲ್ರಿಗೂ ಹಾಗೇ ಆಗಲ್ಲ.

ಕ್ಯಾನ್ಸರ್ ಆಗಿದ್ರೆ ಬರೀ ಆಪರೇಷನ್ ಮಾಡ್ಸಿದ್ರೆ ಸಾಮಾನ್ಯವಾಗಿ 1ರಿಂದ 3 ತಿಂಗಳು, ಕೀಮೋನೂ ಸೇರಿಸಿದ್ರೆ 4ರಿಂದ 6 ತಿಂಗಳು ಅಂತ ಡಾಕ್ಟ್ರುಗಳು ಹೇಳ್ತಾರೆ. ಇದು ಮಧ್ಯದ ಅಂಕಿ, ಅರ್ಧ ನಾಯಿಗಳು ಅದಕ್ಕಿಂತ ಮೊದ್ಲೇ ಹೋಗ್ತವೆ, ಅರ್ಧ ಆಮೇಲೂ ಇರ್ತವೆ, ಒಂದು ವರ್ಷ ದಾಟೋವು ಬಹಳ ಕಮ್ಮಿ. ಓದೋಕೆ ಕಷ್ಟ ಆಗತ್ತೆ ಗೊತ್ತು, ಆದ್ರೆ ಸಾಲದ ಪೇಪರ್‌ಗೆ ಸೈನ್ ಹಾಕೋ ಮುಂಚೆ ನಿಮಗಿದು ಗೊತ್ತಿರ್ಬೇಕು.

ಇನ್ನು ದುಡ್ಡಿನ ವಿಷಯ. ಎಸ್ಟಿಮೇಟ್ ಒಟ್ಟು ಮೊತ್ತ ನೋಡಿ ಹೂಂ ಅನ್ನೋದೋ ಊಹೂಂ ಅನ್ನೋದೋ ಅಂತ ಕೂರ್ಬೇಡಿ, ಅದನ್ನ ಹಂತ ಹಂತವಾಗಿ ಬಿಡಿಸಿಕೊಡಿ ಅಂತ ಕೇಳಿ. ಆಪರೇಷನ್‌ಗೆ ಮುಂಚೆ ಎದೆ ಎಕ್ಸರೇ, ಸಾಧ್ಯ ಇದ್ರೆ ಹೃದಯದ ಎಕೋ (ಹೃದಯದ ಸ್ಕ್ಯಾನಿಂಗ್), ರಕ್ತ ಹೆಪ್ಪುಗಟ್ಟೋ ಟೆಸ್ಟ್ ಮಾಡ್ಸಿ. ಈ ಕ್ಯಾನ್ಸರ್ ಶ್ವಾಸಕೋಶಕ್ಕೆ, ಲಿವರ್‌ಗೆ, ಹೃದಯದ ಬಲಗಡೆ ಮೇಲಿನ ಕೋಣೆಗೆ ಹರಡತ್ತೆ, ಹೃದಯದಲ್ಲೇ ಒಂದು ಗಡ್ಡೆ ಕೂತಿದ್ರೆ ಗುಲ್ಮ ತೆಗೆದು ಏನೂ ಸಿಗಲ್ಲ. ಆಪರೇಷನ್ ಖರ್ಚಿನ ಪಕ್ಕ ಇಟ್ಟು ನೋಡಿದ್ರೆ ಈ ಟೆಸ್ಟ್‌ಗಳದ್ದು ಸಣ್ಣ ಭಾಗ, ಆದ್ರೆ ಇಡೀ ತೀರ್ಮಾನ ತಿರುಗಿಸೋ ಶಕ್ತಿ ಇರೋದು ಇವಕ್ಕೇ. ಮೊದಲ ದುಡ್ಡು ಅಲ್ಲಿಗೆ ಹೋಗ್ಲಿ. ಸೂಜಿ ಹಾಕಿ ಗಡ್ಡೇಲಿ ಏನಿದೆ ನೋಡ್ಬಹುದಲ್ವಾ ಅಂತ ಕೆಲವ್ರು ಕೇಳ್ತಾರೆ, ಇಂಥ ರಕ್ತ ತುಂಬಿರೋ ಗಡ್ಡೇಲಿ ಬರೀ ರಕ್ತಾನೇ ಬರತ್ತೆ, ಜೊತೆಗೆ ಸೋರೋ ಅಪಾಯ ಬೇರೆ, ಹಾಗಾಗಿ ಅದಕ್ಕೆ ಖರ್ಚು ಮಾಡೋದ್ರಲ್ಲಿ ಅರ್ಥ ಇಲ್ಲ.

ಆಮೇಲೆ ಕಮ್ಮಿ ಅಂದ್ರೆ ಎಷ್ಟು, ಜಾಸ್ತಿ ಅಂದ್ರೆ ಎಷ್ಟು ಆಗ್ಬಹುದು, ಜಾಸ್ತಿ ಆಗೋದು ಯಾವುದರಿಂದ ಅಂತ ಕೇಳಿ. ಸಾಮಾನ್ಯವಾಗಿ ಎರಡು ಕಾರಣ, ರಕ್ತ ಏರಿಸೋದು, ಇನ್ನೊಂದು ಆಪರೇಷನ್ ಆಗಿ ಮೊದಲ ಒಂದೆರಡು ದಿನ ಹೃದಯದ ಬಡಿತ ಏರುಪೇರಾಗಿ ಇಸಿಜಿ ಹಾಕಿ ಇಟ್ಕೋಬೇಕಾಗೋದು. ಗುಲ್ಮ ತೆಗೆದ ನಾಯಿಗಳಲ್ಲಿ ಈ ಏರುಪೇರು ಸಾಕಷ್ಟು ಕಾಮನ್, ಹೆಚ್ಚಿನವು ತಾವಾಗೇ ಸರಿಹೋಗ್ತವೆ, ಆದ್ರೂ ಗಮನ ಇಟ್ಟು ನೋಡ್ಕೋಬೇಕಾಗತ್ತೆ.

ಮತ್ತೆ ನಿಮ್ಮ ಹತ್ರ ಎಷ್ಟಿದೆ ಅನ್ನೋದನ್ನ ಡಾಕ್ಟ್ರಿಗೆ ನೇರವಾಗಿ ಹೇಳಿ. ಇಷ್ಟರ ಮೇಲೆ ನಮ್ಮ ಕೈಲಾಗಲ್ಲ, ಇದರೊಳಗೆ ಚುಕ್ಕಿಗೆ ಏನು ಒಳ್ಳೇದು ಮಾಡ್ಬಹುದು ಅಂತ ಕೇಳಿ. ಯಾವ ಒಳ್ಳೆ ಡಾಕ್ಟ್ರೂ ಅದಕ್ಕೆ ಬೇಜಾರು ಮಾಡ್ಕೊಳ್ಳಲ್ಲ. ಸಂಕೋಚಕ್ಕೆ ಹೂಂ ಅಂದು, ಆಪರೇಷನ್ ಆಗಿ ರಾತ್ರಿ ರಕ್ತ ಬೇಕು ಅಂದಾಗ ದುಡ್ಡಿಲ್ದೆ ನಿಲ್ಲೋದಿದೆಯಲ್ಲ, ಅದನ್ನ ನಾನು ಕಣ್ಣಾರೆ ನೋಡಿದೀನಿ. ಮನೆಯವರ ಮುಖ ನೋಡೋಕಾಗಲ್ಲ.

ತೀರ್ಮಾನ ಆಗೋ ತನಕ ಮೆಟ್ಟಿಲು ಹತ್ತಿಸ್ಬೇಡಿ, ಓಡಿಸ್ಬೇಡಿ, ಸೋಫಾದಿಂದ ಜಿಗಿಯೋಕೆ ಬಿಡ್ಬೇಡಿ. ನೋವು ಅಂತ ಮನುಷ್ಯರ ಮಾತ್ರೆ ಯಾವುದೂ ಕೊಡ್ಬೇಡಿ, ಐಬುಪ್ರೊಫೆನ್, ಆಸ್ಪಿರಿನ್ ಎಲ್ಲ ರಕ್ತ ಸೋರಿಕೆ ಇನ್ನೂ ಹೆಚ್ಚು ಮಾಡತ್ತೆ.

ಮಂಚದಕೆಳಗೆ

ನಮ್ಮದು ಬೆಕ್ಕು, ಕಾಯಿಲೆ ಕಿಡ್ನಿದು, ಹಾಗಾಗಿ ನಿಮ್ಮಷ್ಟು ಅರ್ಜೆಂಟ್ ಇರ್ಲಿಲ್ಲ, ಆದ್ರೆ ಖರ್ಚಿನ ವಿಷಯ ಓದಿ ಬರೀಬೇಕು ಅನ್ಸ್ತು. ಕಿಡ್ನಿ ಕಾಯಿಲೆ ಒಂದೇ ಸಲ ದೊಡ್ಡ ಬಿಲ್ ಕೊಟ್ಟು ಮುಗಿಯೋದಲ್ಲ, ಪ್ರತಿ ತಿಂಗಳೂ ಬರತ್ತೆ. ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಸೋಸಿ ಹೊರಗೆ ಹಾಕ್ಬೇಕಾದ ರಕ್ತದಲ್ಲಿರೋ ಕಸ, ಏರಿದೆ ಅಂತ ರಿಪೋರ್ಟಲ್ಲಿ ಬರೋ ಹೊತ್ತಿಗೆ ಕಿಡ್ನಿ ಕೆಲಸದಲ್ಲಿ ಮುಕ್ಕಾಲು ಪಾಲು ಹೋಗಿರತ್ತಂತೆ, ವಾಸಿ ಅನ್ನೋ ಮಾತಿಲ್ಲ, ಇರೋದನ್ನ ಉಳಿಸ್ಕೊಂಡು ಹೋಗೋದು ಅಷ್ಟೆ. ಕಾಯಿಲೆನ 1ರಿಂದ 4 ಅಂತ ಹಂತ ಮಾಡ್ತಾರೆ, ನಮ್ಮವಳು ಮೂರ್ನೇ ಹಂತದಲ್ಲಿದ್ಲು.

ನಾವು ಮಾಡಿದ್ದು ಇಷ್ಟೆ, ಪ್ರತಿ ಟೆಸ್ಟ್ ಬರೆದಾಗ್ಲೂ ಇದರ ರಿಸಲ್ಟ್ ಹೀಗೆ ಬಂದ್ರೆ ಔಷಧಿ ಬದಲಾಗತ್ತಾ, ಹಾಗೆ ಬಂದ್ರೆ ಬದಲಾಗತ್ತಾ ಅಂತ ಕೇಳ್ತಿದ್ವಿ. ಎರಡಕ್ಕೂ ಇಲ್ಲ ಅಂದ್ರೆ ಆ ಟೆಸ್ಟ್ ಬೇಡ ಅಂತಿದ್ವಿ, ಡಾಕ್ಟ್ರೂ ಒಪ್ತಿದ್ರು. ಚರ್ಮದ ಕೆಳಗೆ ಡ್ರಿಪ್ಸ್ ಹಾಕೋದನ್ನ ಅವ್ರೇ ಮನೇಲಿ ಮಾಡೋಕೆ ಕಲಿಸಿಕೊಟ್ರು, ಅದರಿಂದಾನೇ ಎಷ್ಟೋ ಉಳೀತು. ಮೊದಮೊದಲು ಡ್ರಿಪ್ಸ್ ಚೀಲ ತೆಗೆಯೋ ಸದ್ದಿಗೇ ಮಂಚದ ಕೆಳಗೆ ಓಡಿ ಗೋಡೆಗೆ ಅಂಟಿ ಕೂರೋಳು, ನಂಗೆ ಅದು ನೋಡಿ ಇದೆಲ್ಲ ಯಾರಿಗೋಸ್ಕರ ಮಾಡ್ತಿದೀವಿ ಅನ್ಸೋದು. ಆಮೇಲೆ ಡಾಕ್ಟ್ರು ಚೀಲನ ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟು ಆಮೇಲೆ ಹಾಕಿ ಅಂದ್ರು, ಹಾಗೆ ಮಾಡಿದ್ಮೇಲೆ ತೊಡೆ ಮೇಲೆ ಕೂತೇ ಹಾಕಿಸ್ಕೊಳ್ಳೋಳು. ಒಂದು ಪೈಸೆ ಖರ್ಚಿಲ್ದೆ ಅವಳ ದಿನಗಳು ಸುಧಾರಿಸಿದ್ವು. ಆಸ್ಪತ್ರೇಲಿ ಅಡ್ಮಿಟ್ ಮಾಡಿ ಮತ್ತೆ ಮತ್ತೆ ರಕ್ತನಾಳಕ್ಕೆ ಡ್ರಿಪ್ಸ್ ಹಾಕಿ ಕಿಡ್ನಿ ಫ್ಲಶ್ ಮಾಡೋದು ಬೇಡ ಅಂತ ನಾವು ಮೊದ್ಲೇ ತೀರ್ಮಾನ ಮಾಡಿದ್ವಿ, ಅವಳಿಗೆ ಪಂಜರ ಅಂದ್ರೆ ಆಗ್ತಿರ್ಲಿಲ್ಲ.

ನಿಮ್ಮಣ್ಣನ ಮೇಲೆ ಬೇಜಾರು ಮಾಡ್ಕೋಬೇಡಿ. ಜೊತೇಲಿ ಇಲ್ದೇ ಇರೋರಿಗೆ ಬಿಲ್ ಒಂದೇ ಕಾಣೋದು, ಸಾಕಿದ ಪ್ರಾಣಿ ಕಾಣಲ್ಲ.

ಅಂಗಳದಬೇವು

ನಾನು ಆಪರೇಷನ್ ಮಾಡ್ಸಿಲ್ಲ. ಇಲ್ಲಿ ಯಾರಾದ್ರೂ ಒಬ್ರು ಇದನ್ನೂ ಹೇಳ್ಬೇಕು ಅಂತ ಬರೀತಿದೀನಿ.

ನಮ್ಮ ಭೀಮನಿಗೂ ಇದೇ, ಹೊಟ್ಟೇಲಿ ರಕ್ತ. ಅವನಿಗೆ ಮೊದ್ಲೇ ಹಾರ್ಟ್ ಪ್ರಾಬ್ಲಂ ಇತ್ತು, ವಯಸ್ಸು ನಿಮ್ಮ ಚುಕ್ಕಿಗಿಂತ ಜಾಸ್ತಿ. ಎದೆ ಎಕ್ಸರೇಲಿ ಶ್ವಾಸಕೋಶದ ತುಂಬಾ ಸಣ್ಣ ಸಣ್ಣ ಗುಂಡು ಗುಂಡಾಗಿ ಬಿಳಿ ಚುಕ್ಕೆ. ಡಾಕ್ಟ್ರು ಫಿಲ್ಮ್ ಬೆಳಕಿಗೆ ಹಿಡಿದು ಬೆರಳಲ್ಲಿ ಒಂದೊಂದೇ ತೋರ್ಸಿದ್ರು. ದುಡ್ಡು ನಮ್ಮ ಹತ್ರ ಇತ್ತು, ಅದು ಕಾರಣಾನೇ ಅಲ್ಲ. ಹೊಟ್ಟೆ ಕುಯ್ದು, ಹೊಲಿಗೆ ಹಾಕಿ, ಕೊರಳಿಗೆ ಕೋನ್ ಕಟ್ಟಿ, ಆ ನೋವು ವಾಸಿ ಆಗೋಕೇ ಅವನಿಗೆ ಉಳಿದಿರೋ ದಿನದಲ್ಲಿ ಅರ್ಧ ಹೋಗತ್ತೆ ಅಂತ ಅನ್ಸ್ತು. ನೋವಿನ ಔಷಧಿ ಬರೆಸ್ಕೊಂಡು ಮನೆಗೆ ಕರ್ಕೊಂಡ್ ಬಂದ್ವಿ.

ಆದ್ರೆ ಆಪರೇಷನ್ ಬೇಡ ಅಂದಮೇಲೆ ಇನ್ನೊಂದು ತೀರ್ಮಾನಾನೂ ಅವತ್ತೇ ಮಾಡ್ಬೇಕು, ದಯಾಮರಣದ್ದು. ಅದನ್ನ ಮುಂದಕ್ಕೆ ಹಾಕಿದ್ರೆ ನಡುರಾತ್ರಿ ರಕ್ತ ಸೋರಿ ಉಸಿರಿಗೆ ಒದ್ದಾಡ್ತಾ ಹೋಗತ್ತೆ ಪಾಪ ಪ್ರಾಣಿ. ನಾವು ಎರಡ್ನೇ ಸಲ ಕುಸಿದ ತಕ್ಷಣ ಅಂತ ಮೊದ್ಲೇ ಮಾತಾಡ್ಕೊಂಡಿದ್ವಿ, ಡಾಕ್ಟ್ರು ಮನೆಗೇ ಬಂದ್ರು, ಮೊದ್ಲು ನಿದ್ದೆ ಬರೋ ಇಂಜೆಕ್ಷನ್ ಕೊಟ್ರು, ಅವನು ಗಾಢ ನಿದ್ದೆಗೆ ಹೋದ್ಮೇಲೇ ಎರಡ್ನೇದು ಕೊಟ್ಟಿದ್ದು. ಅದು ಅರಿವಳಿಕೆ ಔಷಧೀನೇ, ಡೋಸ್ ಜಾಸ್ತಿ, ಹೃದಯ ನಿಂತುಹೋಗತ್ತೆ. ನೋವು ಗೊತ್ತಾಗಲ್ಲ. ಅದಕ್ಕೂ ಖರ್ಚಿದೆ, ಆಮೇಲೆ ಮಣ್ಣು ಮಾಡೋದಕ್ಕೋ ಸುಡೋದಕ್ಕೋ ಖರ್ಚಿದೆ, ನಿಮ್ಮ ಲೆಕ್ಕದಲ್ಲಿ ಅದನ್ನ ಎತ್ತಿಟ್ಟುಬಿಡಿ. ಹೇಳೋಕೆ ಕಷ್ಟ, ಆದ್ರೆ ಬೇಕಾದಾಗ ಅದೇ ಇಲ್ಲ ಅಂತಾಗ್ಬಾರ್ದು.

ದ್ರೋಹ ಅಂತ ಬರ್ದಿದೀರಲ್ಲ ಮೇಡಂ, ಆ ಮಾತು ತೆಗೆದುಹಾಕಿ. ನಾಯಿಗೆ ನಾಳೆ ಅನ್ನೋದು ಗೊತ್ತಿಲ್ಲ, ಇನ್ನೂ ನಾಲ್ಕು ತಿಂಗಳು ಬೇಕು ಅಂತ ಅದು ಕೇಳಲ್ಲ. ಇವತ್ತು ನೋವಿದೆಯಾ, ಹೊಟ್ಟೆ ತುಂಬಿದೆಯಾ, ನೀವು ಪಕ್ಕದಲ್ಲಿದೀರಾ, ಅದರ ಲೋಕ ಅಷ್ಟೇ.

ಬಿಳಿಮೋಡ

ಅಂಗಳದಬೇವು ಸರ್, ನಿಮ್ಮ ಕೇಸಲ್ಲಿ ಆಗ್ಲೇ ಹರಡಿತ್ತು, ನಾನಾಗಿದ್ರೂ ಅದೇ ಮಾಡ್ತಿದ್ದೆ. ಚುಕ್ಕಿಗೆ ಹರಡಿದೆ ಅಂತ ಯಾರೂ ಹೇಳಿಲ್ವಲ್ಲ. ಮೂರರಲ್ಲಿ ಒಂದು ಅಂದ್ರೆ ಸಣ್ಣ ಚಾನ್ಸ್ ಏನಲ್ಲ, ಒಂದು ಸಲ ಪ್ರಯತ್ನ ಪಡ್ಲೇಬೇಕು ಅಂತ ನಂಗೆ ಈಗ್ಲೂ ಅನ್ಸತ್ತೆ. ಸಾಲದ ಮಾತು ಮಾತ್ರ ವಾಪಸ್ ತಗೊಂತೀನಿ, ಮನೇಲಿ ವಯಸ್ಸಾದವ್ರ ಔಷಧಿ ಇದೆ ಅನ್ನೋದನ್ನ ನೋಡಿದ್ರೆ ಅದು ನಾನು ಹೇಳೋ ಮಾತಲ್ಲ.

ನೀಲಿಛತ್ರಿ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಓದಿ ಓದಿ ಅತ್ತಿದೀನಿ, ಆದ್ರೆ ತಲೆ ಸ್ವಲ್ಪ ತಿಳಿ ಆಯ್ತು. ಯಜಮಾನ್ರ ಜೊತೆ ಕೂತು ಮಾತಾಡಿದೆ. ಹಳೇಸೈಕಲ್ ಅವ್ರು ಹೇಳಿದಂಗೆ ಎಕ್ಸರೇ ಎಕೋ ಎರಡೂ ಮಾಡ್ಸಿದ್ವಿ, ಎದೇಲಿ ಏನೂ ಕಾಣ್ತಿಲ್ಲ, ಹೃದಯಾನೂ ಚೆನ್ನಾಗಿದೆ ಅಂದ್ರು. ಡಾಕ್ಟ್ರಿಗೆ ನಮ್ಮ ದುಡ್ಡಿನ ಮಿತಿ ಬಾಯ್ಬಿಟ್ಟು ಹೇಳಿದೆ, ಅವ್ರೇನೂ ಅಂದ್ಕೊಳ್ಳಿಲ್ಲ, ಪೇಪರ್ ತಗೊಂಡು ಯಾವುದು ಈಗಲೇ ಬೇಕು, ಯಾವುದು ಆಮೇಲೆ ನೋಡ್ಬಹುದು ಅಂತ ಬರೆದುಕೊಟ್ರು. ಆಪರೇಷನ್, ಒಂದು ರಾತ್ರಿ ಐಸಿಯು, ಬೇಕಾದ್ರೆ ಒಂದು ಸಲ ರಕ್ತ, ಬಯಾಪ್ಸಿ, ಇಷ್ಟಕ್ಕೆ ನಮ್ಮ ಉಳಿತಾಯ ಸಾಕಾಗತ್ತೆ. ಸಾಲ ಮಾಡಲ್ಲ, ಕೀಮೋ ಮಾಡಲ್ಲ ಅಂತ ಇಬ್ರೂ ಒಪ್ಕೊಂಡ್ವಿ. ಮಗಳ ಫೀಸ್ ಕಟ್ಟೋಕೆ ಇನ್ನೂ ಟೈಮ್ ಇದೆ, ಅಷ್ಟರಲ್ಲಿ ಹೊಂದಿಸ್ಬಹುದು, ಅತ್ತೆ ಔಷಧಿ ದುಡ್ಡು ಮುಟ್ಟಲ್ಲ.

ಒಂದು ವಿಷಯ ಮಾತ್ರ ಉಳಿದಿದೆ. ಹೊಟ್ಟೆ ತೆರೆದಾಗ ಎಲ್ಲಾ ಕಡೆ ಹರಡಿದೆ ಅಂತ ಕಂಡ್ರೆ ಎಬ್ಬಿಸ್ಬೇಕಾ, ಅಲ್ಲೇ ನಿದ್ದೇಲೇ ಬಿಟ್ಟುಬಿಡೋದಾ ಅಂತ ಮೊದ್ಲೇ ಬರೆದುಕೊಡಿ ಅಂದಿದಾರೆ. ಇದಕ್ಕೆ ಏನು ಬರೆಯೋದು? ಕೈ ನಡುಗತ್ತೆ.

ಹಳೇಸೈಕಲ್

ಎದೆ ಕ್ಲಿಯರ್ ಬಂದಿದ್ದು ಒಳ್ಳೆ ಸುದ್ದಿ ಮೇಡಂ. ಆ ಪ್ರಶ್ನೆ ಕೇಳಿದ್ರು ಅಂದ್ರೆ ನಿಮ್ಮ ಡಾಕ್ಟ್ರು ಯೋಚನೆ ಮಾಡಿ ಕೆಲಸ ಮಾಡೋರು.

ಅಲ್ಲಿ ಹರಡಿದ್ರೆ ಎಬ್ಬಿಸ್ಬೇಡಿ ಅಂತ ಒಂದೇ ಸಾಲು ಬರೆದು ಬರ್ಬೇಡಿ. ಯಾಕಂದ್ರೆ ವಯಸ್ಸಾದ ನಾಯಿಗಳ ಲಿವರ್ ಮೇಲೆ ಅಪಾಯ ಇಲ್ಲದ ಗಂಟುಗಳೂ ಇರ್ತವೆ, ಬರಿಗಣ್ಣಿಗೆ ಅವೂ ಕ್ಯಾನ್ಸರ್ ಥರಾನೇ ಕಾಣ್ಬಹುದು, ಎಷ್ಟು ಅನುಭವ ಇರೋ ಸರ್ಜನ್‌ಗೂ ಮೈಕ್ರೋಸ್ಕೋಪ್ ಇಲ್ದೆ ಖಚಿತವಾಗಿ ಹೇಳೋಕಾಗಲ್ಲ. ಲಿವರ್ ಮೇಲೆ ಒಂದೆರಡು ಗಂಟು ಇದ್ರೆ ಗುಲ್ಮ ತೆಗೆದು, ಆ ಗಂಟಿಂದ ಒಂದು ಚೂರು ಬಯಾಪ್ಸಿಗೆ ತಗೊಂಡು ಎಬ್ಬಿಸಿ, ಹೊಟ್ಟೆ ಒಳಪದರದ ತುಂಬಾ ರಕ್ತ ಒಸರೋ ಗಂಟುಗಳಿದ್ದು ಸೋರಿಕೆ ನಿಲ್ಸೋಕೇ ಆಗಲ್ಲ ಅಂದ್ರೆ ಮಾತ್ರ ಎಬ್ಬಿಸ್ಬೇಡಿ, ಅಂತ ಎರಡನ್ನೂ ಬೇರೆ ಬೇರೆ ಮಾಡಿ ಹೇಳಿ. ಮಧ್ಯದಲ್ಲಿ ಏನಾದ್ರೂ ಸಿಕ್ರೆ ಥಿಯೇಟರ್‌ನಿಂದಾನೇ ಫೋನ್ ಮಾಡಿ ಅನ್ನಿ. ಆವತ್ತು ಫೋನ್ ಕೈಯಲ್ಲೇ ಇರ್ಲಿ, ಇಬ್ರದ್ದೂ ನಂಬರ್ ಕೊಟ್ಟಿರಿ, ಒಬ್ರಿಗೆ ಸಿಗ್ದಿದ್ರೆ ಇನ್ನೊಬ್ರು ಹೇಳೋ ಮಾತೇ ಫೈನಲ್ ಅಂತ ಮನೇಲೇ ಒಪ್ಕೊಂಡು ಹೋಗಿ.

ಬಯಾಪ್ಸಿಗೆ ಇಡೀ ಗುಲ್ಮಾನೇ ಕಳಿಸ್ತಾರಾ ಅಥವಾ ಗಡ್ಡೆಯ ಬೇರೆ ಬೇರೆ ಜಾಗದಿಂದ ಹಲವು ತುಂಡು ಕಳಿಸ್ತಾರಾ ಅಂತಾನೂ ಕೇಳಿ. ಗಡ್ಡೇಲಿ ಹೆಚ್ಚು ಭಾಗ ಹೆಪ್ಪುಗಟ್ಟಿದ ರಕ್ತಾನೇ ಇರತ್ತೆ, ಒಂದೇ ತುಂಡು ಕಳಿಸಿದ್ರೆ ಕ್ಯಾನ್ಸರ್ ಇರೋ ಜಾಗ ತಪ್ಪಿಹೋಗಿ ರಿಪೋರ್ಟ್ ಸುಳ್ಳು ಸಮಾಧಾನ ಕೊಡ್ಬಹುದು. ಆ ಒಂದು ರಿಪೋರ್ಟ್‌ಗೆ ಇಷ್ಟೆಲ್ಲ ಖರ್ಚು ಮಾಡ್ತಿರೋದು, ಅಲ್ಲಿ ಉಳಿಸೋಕೆ ಹೋಗ್ಬೇಡಿ.

ಮಂಚದಕೆಳಗೆ

ನೀಲಿಛತ್ರಿ ಅವ್ರೇ, ಆಪರೇಷನ್ ಆದ್ಮೇಲೆ ದಿನಾ ನೋಡೋರಿಗೆ ನಾಯಿ ಸುಧಾರಿಸ್ತಿದೆಯಾ ಕುಗ್ಗುತ್ತಿದೆಯಾ ಗೊತ್ತಾಗಲ್ಲ. ನಮಗೆ ಉಪಯೋಗಕ್ಕೆ ಬಂದಿದ್ದು ಡಾ. ಆಲಿಸ್ ವಿಲ್ಲಲೋಬೋಸ್ ಅನ್ನೋ ಪ್ರಾಣಿಗಳ ಕ್ಯಾನ್ಸರ್ ವೈದ್ಯೆ 2004ರಲ್ಲಿ ಮಾಡಿದ ಪಟ್ಟಿ. ನೋವು, ಹಸಿವು, ಮೈಯಲ್ಲಿ ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆ ದಿನ ಜಾಸ್ತಿ ಇದೆಯಾ ಅನ್ನೋದು, ಒಟ್ಟು ಏಳು, ಒಂದೊಂದಕ್ಕೂ 10ರೊಳಗೆ ಅಂಕ. ಒಟ್ಟು 35ಕ್ಕಿಂತ ಜಾಸ್ತಿ ಇದ್ರೆ ಬದುಕು ಸಹನೀಯ ಅಂತ ಲೆಕ್ಕ. ಗಂಡ ಹೆಂಡ್ತಿ ಬೇರೆ ಬೇರೆ ಹಾಕಿ ಆಮೇಲೆ ಹೋಲಿಸಿ ನೋಡಿ, ಒಬ್ರಿಗೆ ಕಾಣ್ದೇ ಇರೋದು ಇನ್ನೊಬ್ರಿಗೆ ಕಂಡಿರತ್ತೆ. ಮಗಳು ಸ್ವಲ್ಪ ದೊಡ್ಡೋಳಾಗಿದ್ರೆ ಅವಳ ಕೈಲೂ ಹಾಕ್ಸಿ, ಅವಳಿಗೆ ಗೊತ್ತಿಲ್ದಂಗೆ ಏನೂ ತೀರ್ಮಾನ ಆಗ್ಬಾರ್ದು.

ನೀಲಿಛತ್ರಿ

ಎರಡು ಸಾಲು ಬರೆದು ಡಾಕ್ಟ್ರಿಗೆ ಕಳಿಸಿದೆ, ಹಳೇಸೈಕಲ್ ಅವ್ರು ಹೇಳಿದ ಥರಾನೇ ಎರಡು ಬೇರೆ ಬೇರೆ ಮಾಡಿ. ಹಲವು ತುಂಡು ಕಳಿಸ್ತೀವಿ ಅಂದ್ರು. ಮಗಳಿಗೂ ಎಲ್ಲಾ ಹೇಳಿದೀವಿ. ಆಪರೇಷನ್ ನಾಳೆ ಬೆಳಿಗ್ಗೆ.

ಅಂಗಳದಬೇವು

ಒಳ್ಳೇದಾಗ್ಲಿ ಮೇಡಂ. ಇವತ್ತು ರಾತ್ರಿ ಏನಾದ್ರೂ ಕುಸಿದ್ರೆ ಯಾವ ಆಸ್ಪತ್ರೆ ತೆಗೆದಿರತ್ತೆ ಅಂತ ಈಗ್ಲೇ ಫೋನ್ ಮಾಡಿ ತಿಳ್ಕೊಳ್ಳಿ, ಗಾಡಿಗೆ ಪೆಟ್ರೋಲ್ ಹಾಕಿಸಿಡಿ, ಒಂದು ದಪ್ಪ ಬೆಡ್‌ಶೀಟ್ ಬಾಗಿಲ ಹತ್ರಾನೇ ಇಟ್ಕೊಳ್ಳಿ, ಲ್ಯಾಬ್ರಡಾರ್‌ನ ಒಬ್ರೇ ಎತ್ತೋಕಾಗಲ್ಲ, ಬೆಡ್‌ಶೀಟ್ ಮೇಲೆ ಮಲಗ್ಸಿ ಇಬ್ರು ಎರಡು ಕಡೆ ಹಿಡ್ಕೊಂಡು ಎತ್ತಿ. ರಾತ್ರಿ ಎಷ್ಟು ಗಂಟೆ ಮೇಲೆ ಊಟ ಕೊಡ್ಬಾರ್ದು ಅಂತ ಆಸ್ಪತ್ರೆಯವ್ರನ್ನ ಕೇಳಿ ಹಾಗೇ ಮಾಡಿ.